ಎರಡು ಸಿಮ್, ನಾಲ್ಕು ಪ್ರಯಾಣ: ವಿದೇಶದಲ್ಲಿ ಇ-ಸಿಮ್ ಬಳಸಿದ ಅನುಭವ

ಮಗಳು ಜರ್ಮನಿಯ ಫ್ರೈಬರ್ಗ್‌ನಲ್ಲಿದ್ದಾಳೆ. 2022ರಿಂದ ಈವರೆಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಅಮ್ಮ ತೀರ್ಥಹಳ್ಳಿ ಕಡೆಯ ಮನೆಯಲ್ಲಿದ್ದಾರೆ, 84 ವರ್ಷ, ಕೈಯಲ್ಲಿ ಕೀಪ್ಯಾಡ್ ಫೋನು. ಹಾಗಾಗಿ ನನಗೆ ಫೋನ್ ಅಂದರೆ ಮ್ಯಾಪ್, ಫೋಟೋ ಎಲ್ಲ ಆಮೇಲೆ. ದಿನಕ್ಕೊಮ್ಮೆ ಅಮ್ಮನ ದನಿ ಕೇಳಬೇಕು, ಬ್ಯಾಂಕಿನ ಒಟಿಪಿ ಬರಬೇಕು. ಈ ಎರಡು ಆದರೆ ಸಾಕು.

ಮೊದಲ ಸಲ ಎರಡೂ ಆಗಲಿಲ್ಲ. ಅಲ್ಲಿಯ ಪ್ರೀಪೇಯ್ಡ್ ಸಿಮ್ ಕೊಂಡೆ. 2017ರಿಂದ ಜರ್ಮನಿಯಲ್ಲಿ ಗುರುತಿನ ಪರಿಶೀಲನೆ ಆಗದೆ ಪ್ರೀಪೇಯ್ಡ್ ಸಿಮ್ ಚಾಲೂ ಮಾಡುವುದಿಲ್ಲ. ಪಾಸ್‌ಪೋರ್ಟ್ ಹಿಡಿದು ವಿಡಿಯೊ ಕರೆಯ ಮುಂದೆ ಕೂತಿದ್ದೇ ಅರ್ಧ ದಿನ. ಆಮೇಲೆ ಟ್ರಾಮಿನಲ್ಲಿ ಕೂತು ಸೇಫ್ಟಿ ಪಿನ್ನಿನಿಂದ ಟ್ರೇ ತೆಗೆದು ಊರಿನ ಸಿಮ್ ಹೊರಗೆ ತೆಗೆಯುವಾಗ ಅದು ಬೆರಳ ತುದಿಯಿಂದ ಜಾರಿ ಸೀಟಿನ ಸಂದಿಗೆ ಬಿತ್ತು. ಉಗುರಿನಷ್ಟಗಲದ ವಸ್ತು. ಪಕ್ಕದ ಹುಡುಗಿ ಮೊಬೈಲ್ ಟಾರ್ಚ್ ಹಾಕಿ ಹುಡುಕಿ ಕೊಟ್ಟಳು. ಸಿಕ್ಕ ಸಿಮ್ಮನ್ನು ಪರ್ಸಿನಲ್ಲಿಟ್ಟೆ. ವಾರ ಕಳೆದು ಅಮ್ಮನ ಔಷಧಿಗೆ ದುಡ್ಡು ಕಳಿಸಲು ಕೂತರೆ ಒಟಿಪಿ ಬರಬೇಕಾದ ಸಿಮ್ ಪರ್ಸಿನೊಳಗೆ ಮಲಗಿತ್ತು.

2023ರಿಂದ ಇ-ಸಿಮ್, ಅಂದರೆ ಕಾರ್ಡ್ ಹಾಕದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ನಿಮ್ಮ ಫೋನಿನಲ್ಲಿ ಇದೆಯೋ ಇಲ್ಲವೋ ನೋಡಲು *#06# ಒತ್ತಿ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಅಂತ ಉದ್ದ ಸಂಖ್ಯೆ ಕಂಡರೆ ಇದೆ. ಬೆಂಗಳೂರಿನ ಮನೆಯ ವೈಫೈನಲ್ಲೇ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಾಕಿಕೊಳ್ಳುತ್ತೇನೆ. ವಿಮಾನ ಇಳಿದ ಮೇಲೆ ಮಾಡೋಣ ಅಂತ ಬಿಡಬೇಡಿ, ಅದನ್ನು ಇಳಿಸಿಕೊಳ್ಳಲಿಕ್ಕೂ ಇಂಟರ್‌ನೆಟ್ ಬೇಕು. ಊರಿನ ಸಿಮ್ ಅದರ ಜಾಗದಲ್ಲೇ ಇರುತ್ತದೆ. ಹೊರಡುವ ಮುಂಚೆ ಅದರಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ (ಹೊರದೇಶದ ನೆಟ್‌ವರ್ಕಿನಲ್ಲೂ ಸಿಮ್ ನಡೆಯುವ ಸೌಲಭ್ಯ) ಆನ್ ಮಾಡಿಸಬೇಕು, ವ್ಯಾಲಿಡಿಟಿ ಮುಗಿಯದ ಹಾಗೆ ರೀಚಾರ್ಜ್ ಮಾಡಬೇಕು, ಅದರ ಇಂಟರ್‌ನೆಟ್ ಹೊರದೇಶದಲ್ಲಿ ನಡೆಯದ ಹಾಗೆ ಡೇಟಾ ರೋಮಿಂಗ್ ಮಾತ್ರ ಆಫ್ ಇರಬೇಕು. ಒಟಿಪಿ ಮೆಸೇಜಿಗೆ ನನಗೆ ಈವರೆಗೆ ಒಂದು ರೂಪಾಯಿಯೂ ಕತ್ತರಿಸಿಲ್ಲ. ಇಂಟರ್‌ನೆಟ್ ಎಲ್ಲ ಇ-ಸಿಮ್‌ನಲ್ಲಿ. ಮಗಳ ಮನೆಯಲ್ಲಿ ವೈಫೈ ಇರುವುದರಿಂದ ತಿಂಗಳಿಗೆ 5 ಜಿಬಿ ಧಾರಾಳ.

ಒಂದು ಸಲ ಪೆಟ್ಟು ತಿಂದೆ. ಕಾನ್‌ಸ್ಟಾನ್ಸ್‌ಗೆ ಹೋಗಿದ್ದೆವು. ಊರಿನ ಒಂದು ಪಕ್ಕ ಸರೋವರ, ಇನ್ನೊಂದು ಪಕ್ಕ ಸ್ವಿಟ್ಜರ್ಲೆಂಡ್. ದಂಡೆಯಲ್ಲಿ ನಡೆಯುತ್ತಿದ್ದಾಗ ಫೋನ್ ತಾನಾಗೇ ಸ್ವಿಸ್ ನೆಟ್‌ವರ್ಕ್ ಹಿಡಿಯಿತು. ನನ್ನ ಪ್ಯಾಕಿನಲ್ಲಿ ಆ ದೇಶ ಇರಲಿಲ್ಲ. ಇ-ಸಿಮ್ ನಿಂತಿತು, ಒಂದು ಸಿಮ್ ನಿಂತರೆ ಡೇಟಾವನ್ನು ತಾನೇ ಇನ್ನೊಂದಕ್ಕೆ ಬದಲಾಯಿಸುವ ಸೆಟ್ಟಿಂಗ್ ಆನ್ ಇತ್ತು, ಊರಿನ ಸಿಮ್‌ನ ಡೇಟಾ ರೋಮಿಂಗನ್ನೂ ಅವತ್ತು ಆಫ್ ಮಾಡಿರಲಿಲ್ಲ. ಊರಿನ ಸಿಮ್‌ನಿಂದ ಡೇಟಾ ಹೋಗಿ ದುಡ್ಡು ಹೋಯಿತು. ಐರೋಪ್ಯ ಒಕ್ಕೂಟದೊಳಗೆ 2017ರಿಂದ ರೋಮಿಂಗ್‌ಗೆ ಬೇರೆ ದರ ಇಲ್ಲ, ಹಾಗಾಗಿ ಮಗಳ ಸಿಮ್ ಫ್ರಾನ್ಸಿನ ಕೊಲ್ಮಾರ್‌ನಲ್ಲೂ ಮನೆಯಲ್ಲಿದ್ದ ಹಾಗೇ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಪ್ಯಾಕಿನ ಮೇಲೆ 'ಯುರೋಪ್' ಅಂತ ಬರೆದಿದ್ದರೆ ಸಾಲದು, ದೇಶಗಳ ಪಟ್ಟಿ ಓದಲೇಬೇಕು.

ಇ-ಸಿಮ್‌ನ ದೊಡ್ಡ ಕೊರತೆ ಅಂದರೆ ನಾನು ಕೊಂಡ ಪ್ಯಾಕುಗಳೆಲ್ಲ ಡೇಟಾ ಮಾತ್ರ, ಕರೆ ಮಾಡಲು ನಂಬರ್ ಇಲ್ಲ. ವಾಟ್ಸ್ಆ್ಯಪ್ ಇರುವವರಿಗೆ ಚಿಂತೆಯಿಲ್ಲ. ಅಮ್ಮನ ಕೀಪ್ಯಾಡ್ ಫೋನಿಗೆ, ಇಂಟರ್‌ನೆಟ್‌ನಿಂದ ಮಾಮೂಲಿ ಫೋನಿಗೂ ಕರೆ ಮಾಡಬಹುದಾಗಿದ್ದ ಸ್ಕೈಪ್ ಆ್ಯಪ್‌ನಲ್ಲಿ ದುಡ್ಡು ಹಾಕಿ ಮಾಡುತ್ತಿದ್ದೆ. ನಂಬರ್ ಬೇರೆ ಕಾಣುತ್ತಿತ್ತು. ಗುರುತಿಲ್ಲದ ನಂಬರ್ ಎತ್ತಬೇಡ ಅಂತ ಅವರಿಗೆ ಹೇಳಿಕೊಟ್ಟವಳೂ ನಾನೇ, ಎಷ್ಟೋ ಸಲ ಎತ್ತುತ್ತಲೇ ಇರಲಿಲ್ಲ. 2025ರ ಮೇ 5ಕ್ಕೆ ಸ್ಕೈಪ್ ಮುಚ್ಚಿತು. ಕಳೆದ ಸೆಪ್ಟೆಂಬರಿನಲ್ಲಿ ಹೋದಾಗ ಊರಿನ ಸಿಮ್‌ನಲ್ಲಿ ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಮಾಮೂಲಿ ಕರೆ) ಆನ್ ಮಾಡಿ, ಮಗಳ ಮನೆಯ ವೈಫೈನಿಂದ ಮಾಡಿದೆ. ನನ್ನ ಸಿಮ್ ಕಂಪನಿಯಲ್ಲಿ ಅದು ವಿದೇಶದಿಂದಲೂ ನಡೆಯುತ್ತದೆ. ನಿಮ್ಮದರಲ್ಲಿ ನಡೆಯುತ್ತದೆಯೇ, ದರ ಎಷ್ಟು ಅಂತ ಹೊರಡುವ ಮುಂಚೆ ಕೇಳಿಕೊಳ್ಳಿ. ಅಮ್ಮನಿಗೆ ನನ್ನದೇ ನಂಬರ್ ಕಂಡಿತು. ಮೊದಲ ರಿಂಗಿಗೇ ಎತ್ತಿ, "ಏನೇ, ಬಂದುಬಿಟ್ಯಾ?" ಅಂದರು.

ಅಮ್ಮನ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯ ಕಿಟಕಿ ಹತ್ತಿರ ಮಾತ್ರ. ರಾತ್ರಿ ಎಂಟಕ್ಕೆ ಅಲ್ಲಿ ಕೂತಿರುತ್ತಾರೆ, ಜರ್ಮನಿಯಲ್ಲಿ ನನಗೆ ಆಗ ಸಂಜೆ ನಾಲ್ಕೂವರೆ. ಅಕ್ಟೋಬರ್ ಕೊನೆಯ ಭಾನುವಾರ ಜರ್ಮನಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಎಂದಿನಂತೆ ನಾಲ್ಕೂವರೆಗೆ ಮಾಡಿದೆ. ಅಮ್ಮ ಆ ಚಳಿಯಲ್ಲಿ ಒಂಬತ್ತರವರೆಗೆ ಶಾಲು ಹೊದ್ದು ಕಾದಿದ್ದರು. ಈಗ ಫೋನಿನ ಮುಖಪುಟದಲ್ಲಿ ಭಾರತದ ಗಡಿಯಾರವನ್ನೂ ಇಟ್ಟಿದ್ದೇನೆ.

ಮುಂದಿನ ಪ್ರಯಾಣಕ್ಕೂ ಇ-ಸಿಮ್ಮೇ. ಈ ಸಲ ಸ್ವಿಟ್ಜರ್ಲೆಂಡ್ ಸೇರಿರುವ ಪ್ಯಾಕ್ ಹಾಕಿಸುತ್ತೇನೆ.