ಸೊಳ್ಳೆ ಲಾರ್ವಾಕ್ಕೆ ಗಪ್ಪಿ ಮೀನೋ, ಬಿಟಿಐ ಪುಡಿಯೋ, ಟೆಮೆಫಾಸೋ?

ಬಡಾವಣೆಯ ಬಾವಿ, ತೊಟ್ಟಿ, ನೀರಿನ ಸಂಪ್‌ಗೆ ಏನು ಹಾಕಿಸೋಣ ಎಂದು ಕೇಳಿದ್ದೀರಿ. ಮೊದಲು ನೀರು ನೋಡಿ, ಆಮೇಲೆ ಮದ್ದು.

ಖರ್ಚು ಕಡಿಮೆ ಆಗಬೇಕಾದರೆ ಲಾರ್ವಾ ತಿನ್ನುವ ಗಪ್ಪಿ. ಒಮ್ಮೆ ಬಿಟ್ಟರೆ ತಾನೇ ಮರಿ ಹಾಕಿ ಹೆಚ್ಚುತ್ತದೆ, ಕೊಳಕು ನೀರನ್ನೂ ತಡೆಯುತ್ತದೆ. ವರ್ಷವಿಡೀ ನೀರಿರುವ ಹಾಳು ಬಾವಿ, ಕಾರಂಜಿ ತೊಟ್ಟಿಗೆ ಸರಿ. ಬತ್ತುವ ಗುಂಡಿಗೆ ಆಗದು. ಕೆರೆಗಾಗಲಿ, ಕೆರೆ ಸೇರುವ ಚರಂಡಿಗಾಗಲಿ ದಯವಿಟ್ಟು ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು, ನಮ್ಮ ಸಣ್ಣ ಮೀನುಗಳಿಗೆ ಕುತ್ತು. ಲಾರ್ವಾ ತಿನ್ನಲೆಂದು ಬಿಡುವ ಇನ್ನೊಂದು ಮೀನು ಗ್ಯಾಂಬೂಸಿಯಾ ಅಂತೂ ಕಪ್ಪೆಮರಿಯನ್ನೂ ಬಿಡುವುದಿಲ್ಲ.

ಬಿಟಿಐ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ. ಅದರ ಪ್ರೋಟೀನ್ ಲಾರ್ವಾದ ಕರುಳನ್ನೇ ಹಾಳು ಮಾಡುತ್ತದೆ. ಮೀನಿಗೆ, ಜನರಿಗೆ ತೊಂದರೆಯಿಲ್ಲ. ಆದರೆ ವಾರ, ಎರಡು ವಾರಕ್ಕೊಮ್ಮೆ ಹಾಕುತ್ತಲೇ ಇರಬೇಕು. ಮೀನು ಬದುಕದ ಕಡೆ, ಹಾಕುವ ಆಳಿದ್ದರೆ, ಇದು ಒಳ್ಳೆಯದು.

ಟೆಮೆಫಾಸ್ ಲಾರ್ವಾ ಕೊಲ್ಲುವ ರಾಸಾಯನಿಕ, ಜಾಸ್ತಿ ದಿನ ನಿಲ್ಲುತ್ತದೆ. ವರ್ಷಗಟ್ಟಲೆ ಅದನ್ನೇ ಸುರಿದರೆ ಲಾರ್ವಾ ಜಗ್ಗುವುದಿಲ್ಲ, ಬ್ರೆಜಿಲ್‌ನಲ್ಲಿ ಹಾಗೇ ಆಯಿತು. ಡೆಂಗಿ ಹಬ್ಬುತ್ತಿದ್ದರೆ ಆರೋಗ್ಯ ಸಿಬ್ಬಂದಿಯಿಂದಲೇ ಹಾಕಿಸಿ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ.

ಮನೆ ಸಂಪ್‌ಗೆ ಮೂರೂ ಬೇಡ, ಬಿಗಿ ಮುಚ್ಚಳ ಸಾಕು. ಡ್ರಮ್ಮಾದರೆ ವಾರಕ್ಕೊಮ್ಮೆ ಒಳಗೋಡೆ ಉಜ್ಜಿ ತೊಳೆಯಿರಿ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಅಲ್ಲೇ ಅಂಟಿರುತ್ತದೆ.