ಹೊಸ ಅಧ್ಯಕ್ಷರಿಗೊಂದು ಆನ್‌ಲೈನ್ ತರಬೇತಿ: ಸಭೆ ನಡೆಸುವುದಕ್ಕೆ ಚೆನ್ನಾಗಿದೆ, ಉಳಿದದ್ದಕ್ಕೆ ಸಾಲದು

ಸಂಘ-ಸಂಸ್ಥೆಗಳ ಆಡಳಿತ ಮಂಡಳಿಗೆ ಹೊಸದಾಗಿ ಅಧ್ಯಕ್ಷರಾದವರಿಗೆ ಅಂತಲೇ ಮಾಡಿರುವ ಆನ್‌ಲೈನ್ ತರಬೇತಿ ಇದು. ದೂರುಗಳೂ ಇರುವುದರಿಂದ ನಡೆಸುವವರ ಹೆಸರು ಹಾಕುತ್ತಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ.

ತುಂಬಾ ಹಿಡಿಸಿದ್ದು ಅಣಕು ಸಭೆ. ಒಬ್ಬರು ಬಿಡದೆ ಮಾತಾಡುವ ಹಿರಿಯ ಸದಸ್ಯರು, ಒಬ್ಬರು ಲೆಕ್ಕ ಕೇಳಿದರೆ ಸಿಟ್ಟಾಗುವ ಖಜಾಂಚಿ, ಇನ್ನೊಬ್ಬರು ಅಜೆಂಡಾ ಓದದೇ ಬಂದವರು. ಚರ್ಚೆ ಬಿಸಿಯೇರಿದ ಹೊತ್ತಿಗೆ ಶಿಕ್ಷಕಿ ಸಭೆ ನಿಲ್ಲಿಸಿ, ಅಧ್ಯಕ್ಷರ ಪಾತ್ರದಲ್ಲಿದ್ದವರನ್ನು ಕೇಳಿದರು: "ಇಲ್ಲಿಯವರೆಗೆ ಒಂದು ಮಾತೂ ಆಡದವರು ಯಾರು, ಹೇಳಿ ನೋಡೋಣ?" ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಹೇಳಿಕೊಟ್ಟ ಉಪಾಯ ಸುಲಭದ್ದು. ಮುಖ್ಯ ವಿಷಯ ಬಂದಾಗ ಎಲ್ಲರಿಗೂ ಒಂದು ಸುತ್ತು ಮಾತಿಗೆ ಅವಕಾಶ ಕೊಡಿ, ನಿಮ್ಮ ಅಭಿಪ್ರಾಯ ಕೊನೆಗಿರಲಿ. ಅಧ್ಯಕ್ಷರೇ ಮೊದಲು ನಿಲುವು ಹೇಳಿಬಿಟ್ಟರೆ ಅರ್ಧ ಜನ ಸುಮ್ನೆ ತಲೆಯಾಡಿಸುತ್ತಾರೆ, ಅಲ್ವಾ?

ನಡಾವಳಿಯ ಪಾಠವೂ ಗಟ್ಟಿಯಾಗಿದೆ. "ವಿಷಯವನ್ನು ಚರ್ಚಿಸಲಾಯಿತು" ಅಂತಷ್ಟೇ ಬರೆದರೆ ಮುಂದಿನ ಸಭೆಯಲ್ಲಿ ಅದೇ ಚರ್ಚೆ ಮತ್ತೆ ಶುರುವಾಗುತ್ತದೆ. ಏನು ತೀರ್ಮಾನ, ಯಾರ ಹೊಣೆ, ಯಾವಾಗಿನೊಳಗೆ ಅನ್ನುವುದು ಬರುವವರೆಗೂ ಬಿಡದೆ ತಿದ್ದಿಸಿದರು. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿಯ ಬಗ್ಗೆ ಬೇಗ ಮುಗಿಸಿದರು, ಅಷ್ಟು ಸಾಕು. ಸದಸ್ಯರೊಬ್ಬರ ನೆಂಟರಿಗೆ ಗುತ್ತಿಗೆ ಕೊಡುವ ಮಾತು ಬಂದರೆ ಆ ಸದಸ್ಯರು ಅದನ್ನು ಮೊದಲೇ ತಿಳಿಸಿ, ಚರ್ಚೆಯಿಂದಲೂ ಮತದಿಂದಲೂ ದೂರ ಉಳಿಯಬೇಕು, ಅದು ನಡಾವಳಿಯಲ್ಲೂ ಬರಬೇಕು ಅಂತ ಖಡಾಖಂಡಿತವಾಗಿ ಹೇಳಿದ್ದು ನನಗೆ ಬಹಳ ಸರಿ ಅನಿಸಿತು.

ಮತದಾನದ ಪಾಠ ಮಾತ್ರ ತಿದ್ದುಪಡಿಯಾಗಬೇಕು. ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೇನಾ ಎಂಜಿನಿಯರ್ 1876ರಲ್ಲಿ ಹೊರತಂದ ಸಭಾ ನಿಯಮಗಳ ಆಧಾರದ ಮೇಲೆ, ಅಧ್ಯಕ್ಷರು ಠರಾವು ಮಂಡಿಸಬಾರದು, ಚರ್ಚೆಗೆ ಇಳಿಯಬಾರದು ಅಂತ ಕಲಿಸುತ್ತಾರೆ. ಅದು ದೊಡ್ಡ ಸಭೆಗಳಿಗೆ ಹೇಳಿದ್ದು. ಸುಮಾರು 12 ಜನರವರೆಗಿನ ಚಿಕ್ಕ ಮಂಡಳಿಗೆ ಆ ನಿಯಮಗಳ ಈಗಿನ ಆವೃತ್ತಿಯಲ್ಲೇ ಸಡಿಲಿಕೆ ಇದೆ, ಅಧ್ಯಕ್ಷರೂ ಠರಾವು ಮಂಡಿಸಬಹುದು, ಚರ್ಚಿಸಬಹುದು, ಮತ ಹಾಕಬಹುದು. ಮತಗಳು ಸಮವಾದರೆ ಅಧ್ಯಕ್ಷರಿಗೆ ನಿರ್ಣಾಯಕ ಮತ ಇದ್ದೇ ಇರುತ್ತದೆ ಅನ್ನುವ ಹಾಗೆ ಹೇಳಿದ್ದೂ ತಪ್ಪು. ಅದು ಬೈಲಾದಲ್ಲೋ (ಸಂಘದ ಸ್ವಂತ ನಿಯಮಾವಳಿ) ಅನ್ವಯವಾಗುವ ಕಾನೂನಿನಲ್ಲೋ ಇರಬೇಕು. ಇಂಥದ್ದರಲ್ಲಿ ಎಡವಿದರೆ ಮುಂದೆ ಯಾರಾದರೂ ಠರಾವನ್ನೇ ಪ್ರಶ್ನಿಸಬಹುದು.

ಇನ್ನೂ ದೊಡ್ಡ ಕೊರತೆ ಬೇರೆ. ಅಧ್ಯಕ್ಷರ ಕೆಲಸ ಜಾಸ್ತಿ ಇರುವುದು ಸಭೆಗಳ ನಡುವಿನ ದಿನಗಳಲ್ಲಿ. ಕಾರ್ಯದರ್ಶಿಯ ಜೊತೆ ಕೂತು ಅಜೆಂಡಾ ಮಾಡುವುದು, ಸಭೆಗೆ ಬರುವುದನ್ನೇ ಬಿಟ್ಟ ಸದಸ್ಯರಿಗೆ ಫೋನ್ ಮಾಡಿ ವಿಚಾರಿಸುವುದು, ಮುಂದಿನ ಅಧ್ಯಕ್ಷರಾಗಬಲ್ಲವರಿಗೆ ಈಗಿನಿಂದಲೇ ಜವಾಬ್ದಾರಿ ಕೊಡುವುದು. ಸಂಬಳಕ್ಕಿರುವ ಸಿಬ್ಬಂದಿಗೆ ಅಧ್ಯಕ್ಷರು ನೇರವಾಗಿ ಒಂದು ಹೇಳಿ, ವ್ಯವಸ್ಥಾಪಕರು ಇನ್ನೊಂದು ಹೇಳಿದರೆ ಆ ಸಿಬ್ಬಂದಿ ಯಾರ ಮಾತು ಕೇಳಬೇಕು? ಮಂಡಳಿ ಒಪ್ಪಿಸದ ಅಧಿಕಾರ ಅಧ್ಯಕ್ಷರಿಗೂ ಇರುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಲು ಒಂದು ಇಡೀ ತರಗತಿಯೇ ಬೇಕಿತ್ತು. ಇಲ್ಲಿ ಕೊನೆಯಲ್ಲಿ ಅವಸರದಲ್ಲಿ ಮುಗಿಸಿಬಿಟ್ಟರು.

ಹೊಸಬರು ಸೇರಬಹುದು, ಅಣಕು ಸಭೆಗಾದರೂ ಸೇರಿ. ನಿಮ್ಮ ಬೈಲಾ ಮೊದಲು ಓದಿಕೊಂಡು ಹೋಗಿ, ಸಾಧ್ಯವಾದರೆ ಕಾರ್ಯದರ್ಶಿಯನ್ನೂ ಜೊತೆಗೆ ಸೇರಿಸಿ. ಒಂದೆರಡು ಅವಧಿ ಅಧ್ಯಕ್ಷರಾಗಿದ್ದವರಿಗೆ ಇದರಲ್ಲಿ ಹೊಸದು ಕಡಿಮೆ.