ಲಾರಿಗೆ ಮ್ಯಾಪಿಂಗ್ ಮಾಡಿಸೋ ಯೋಚನೆ ಇದ್ರೆ ಮೊದಲು ನನ್ನ ಇಂಜಿನ್ ಕತೆ ಕೇಳಿ

ಪಣಂಬೂರಿನಿಂದ ಹಾಸನಕ್ಕೆ ಗೊಬ್ಬರ ಹೊಡೆಯುವ ಹತ್ತು ಚಕ್ರದ ಗಾಡಿ ನನ್ನದು, 2018ರ ಬಿಎಸ್4. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಒದ್ದಾಡುತ್ತಿತ್ತು. ಹೈವೇ ಪಕ್ಕದ ಒಬ್ಬ, "ಇಸಿಎಂ ಮ್ಯಾಪ್ ಮಾಡ್ಕೊಡ್ತೀನಿ ಅಣ್ಣಾ, ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ" ಅಂದ. ಇಸಿಎಂ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಮ್ಯಾಪ್ ಅಂದರೆ ಅದರ ಪ್ರೋಗ್ರಾಂ ಬದಲಿಸೋದು. ಲ್ಯಾಪ್‌ಟಾಪ್ ಸಿಕ್ಕಿಸಿ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸಿದ. 18,000 ಎಣಿಸಿಕೊಟ್ಟೆ.

ಸುಳ್ಳು ಯಾಕೆ ಹೇಳಲಿ, ಮೊದಲ ಟ್ರಿಪ್ಪಲ್ಲಿ ಖುಷಿಯೋ ಖುಷಿ. ಎರಡನೇ ಗೇರಿಗೆ ಇಳಿಸುತ್ತಿದ್ದ ತಿರುವನ್ನು ಮೂರರಲ್ಲೇ ಎಳೆದುಬಿಟ್ಟಿತು. ಕನ್ನಡಿಯಲ್ಲಿ ಕಪ್ಪು ಹೊಗೆ ಕಂಡಿತು, ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಾಲ್ಕು ತಿಂಗಳಿಗೆ ಕ್ಲಚ್ ಪ್ಲೇಟ್ ಹೋಯಿತು. ಆಮೇಲೆ ಆಯಿಲ್ ಕಡಿಮೆ ಆಗತೊಡಗಿತು. ಏಳನೇ ತಿಂಗಳು ಘಾಟಿ ಮಧ್ಯದಲ್ಲೇ ಗಾಡಿ ನಿಂತಿತು. ಮೇಸ್ತ್ರಿ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ, ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಹೆಡ್ ಬಿಚ್ಚಿದರೆ ಮೂರನೇ ಪಿಸ್ಟನ್ನಿನ ಅಂಚು ಚೀಪಿಟ್ಟ ಬೆಲ್ಲದುಂಡೆ.

"ಮ್ಯಾಪ್ ಮಾಡ್ಸಿದ್ರಾ?" ಅಂತ ಅವನೇ ಕೇಳಿದ.

ಮ್ಯಾಪಿಂಗ್ ಅಂದರೆ ಮಂತ್ರ ಅಲ್ಲ. ಡೀಸೆಲ್ ಜಾಸ್ತಿ ಬಿಡೋದು, ಟರ್ಬೋ ಪ್ರೆಶರ್ ಏರಿಸೋದು, ಅಷ್ಟೇ. ಆ ಕಪ್ಪು ಹೊಗೆ ಅಂದರೆ ಗಾಳಿ ಸಾಲದೆ ಅರೆಬರೆ ಉರಿದ ನನ್ನದೇ ಡೀಸೆಲ್. ಅದರ ಜೊತೆ ಸೈಲೆನ್ಸರ್ ಕಡೆ ಹೋಗುವ ಬಿಸಿಯೂ ಏರುತ್ತದೆ. ನನ್ನ ಗಾಡಿಯ ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಆ ಲೋಹ 660 ಡಿಗ್ರಿಗೆ ಕರಗುತ್ತದೆ. ಕಾರಿನವರು ಎರಡು ನಿಮಿಷ ಒತ್ತಿ ಬಿಡುತ್ತಾರೆ, ಇಂಜಿನ್ ಉಸಿರಾಡುತ್ತದೆ. ಫುಲ್ ಲೋಡಲ್ಲಿ ಅರ್ಧ ಗಂಟೆ ಒಂದೇ ಸಮನೆ ಘಾಟಿ ಹತ್ತುವ ಲಾರಿಗೆ ಆ ಬಿಡುವೆಲ್ಲಿ? ಇನ್ನೊಂದು ಮೋಸ ಏನು ಗೊತ್ತಾ, ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಕೊನೆವರೆಗೂ ನಡುವಲ್ಲೇ ಇತ್ತು. ಅದು ತೋರಿಸೋದು ಕೂಲಂಟ್, ಅಂದರೆ ಇಂಜಿನ್ ತಂಪು ಮಾಡೋ ನೀರಿನ ಬಿಸಿ ಮಾತ್ರ.

ಖರ್ಚು 2 ಲಕ್ಷ 40 ಸಾವಿರ. ಗಾಡಿ 19 ದಿನ ನಿಂತಿತು. ಇಎಂಐ ಮಾತ್ರ ನಿಲ್ಲಲಿಲ್ಲ.

ಈಗಾಗಲೇ ಮಾಡಿಸಿದ್ದರೆ ಇವತ್ತೇ ಇಸಿಎಂನ ಹಳೆಯ ಪ್ರೋಗ್ರಾಂ ಫೈಲ್ ಕೇಳಿ ತೆಗೆದಿಟ್ಟುಕೊಳ್ಳಿ. ನಾನು ಕೇಳಲು ಹೋದಾಗ ಆ ಮ್ಯಾಪ್ ಮಾಡಿದವನು, "ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯ್ತಣ್ಣಾ, ಆದ್ರೂ ಮ್ಯಾಪಿಂದ ಆಗಿದ್ದಲ್ಲ, ನೀವು ತುಳಿದಿದ್ದು ಜಾಸ್ತಿ" ಅಂದ. ಕಡೆಗೆ ಕಂಪನಿ ಸರ್ವೀಸಲ್ಲೇ ಹಳೆಯ ಪ್ರೋಗ್ರಾಂ ಹಾಕಿಸಿದೆ.

ಈಗ ಆ ತಿರುವಿಗೆ ಮತ್ತೆ ಎರಡನೇ ಗೇರು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.